ಯಮುನಕ್ಕನ ಮೂವತ್ತು ಎಸೆತದ ಲೀಗ್

ಯಾರನ್ನಾದರೂ ಹೊಗಳಬೇಕೆಂದರೆ ನನಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗುತ್ತದೆ. ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡ್ ಹಿಂದೆ ಹದಿನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಈ ಪವಿತ್ರಾಳ ಬಾಯಿ ಎಂಥದ್ದೆಂದು ಅಲ್ಲಿ ಬ್ಲೌಸ್ ಹೊಲಿಸಿದವರಿಗೆಲ್ಲ ಗೊತ್ತು. ಅಳತೆ ತಪ್ಪಿಸಿದ್ದು ನಾನೇ ಆದರೂ, ದಪ್ಪ ಆಗಿರುವುದು ನೀವೇ ಎಂದು ವಾದಿಸುವವಳು ನಾನು. ಅಂಥವಳು ಈಗ ಯಮುನಕ್ಕನ ಬಗ್ಗೆ ಬರೆಯಲು ಕೂತಿದ್ದೇನೆ. ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಆ ಹೆಂಗಸು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಅದು ಒಂದು ಕಾರಣ. ಅದನ್ನು ಹೇಳಬೇಕೆಂದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ, ಅದು ಇನ್ನೊಂದು.

ನೋಡಿದರೆ ಯಮುನಕ್ಕನಲ್ಲಿ ಏನೂ ಇಲ್ಲ. ಐದಡಿ ಎರಡು ಇಂಚು, ಐವತ್ತನಾಲ್ಕು ವರ್ಷ, ಎಣ್ಣೆ ಹಾಕಿ ಬಿಗಿದ ಜಡೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪೆನ್ನು. ಹುಟ್ಟಿದ್ದು ಕರಿಕೆಯಲ್ಲಿ. ಮನೆಮಾತು ಅರೆಭಾಷೆ, ಆದರೆ ಕುಟ್ಟದ ರಸ್ತೆಯ ಎಸ್ಟೇಟೊಂದರಲ್ಲಿ ಇಪ್ಪತ್ತೇಳು ವರ್ಷ ರೈಟರ್ ಕೆಲಸ ಮಾಡಿ, ಮಲಯಾಳದವರೊಂದಿಗೆ ಮಲಯಾಳ, ತಮಿಳರೊಂದಿಗೆ ತಮಿಳು, ಕೊಡವರೊಂದಿಗೆ ಕೊಡವ ತಕ್ಕ್ ಆಡುತ್ತಾರೆ. ಸಿಟ್ಟು ಬಂದಾಗ ಮಾತ್ರ ಮಾತು ಕರಿಕೆಗೆ ವಾಪಸ್ ಹೋಗುತ್ತದೆ.

ಹೊರಗಿನವರಿಗೆ ಹೇಳಬೇಕು, ಎಸ್ಟೇಟಿನಲ್ಲಿ ರೈಟರ್ ಎಂದರೆ ಕೆಲಸಗಾರರ ಹಾಜರಿ ಬರೆಯುವವರು. ಬೆಳಿಗ್ಗೆ ಏಳೂವರೆಗೆ ಹೆಸರು ಕೂಗಬೇಕು, ಬಂದವರನ್ನು ಚೆಕ್‌ರೋಲ್ ಎಂಬ ಉದ್ದನೆಯ ಪುಸ್ತಕದಲ್ಲಿ ಗುರುತು ಹಾಕಬೇಕು, ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಒಬ್ಬೊಬ್ಬರ ಚೀಲವನ್ನೂ ತೂಗಿ ಬರೆಯಬೇಕು. ಜೊತೆಗೆ ಮಳೆ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಬರೆದಿಡದೆ ದಿನ ಮುಗಿಯುವುದಿಲ್ಲ. ಅಂಗಳದಲ್ಲಿಟ್ಟ ಮಾಪಕದ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ನಮ್ಮಲ್ಲಿ ಇಬ್ಬರು ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುವ ಮುಂಚೆ ನಿಮ್ಮಲ್ಲಿ ಎಷ್ಟು ಸೆಂಟ್ ಎಂದು ಕೇಳಿಕೊಳ್ಳುತ್ತಾರೆ.

ಕುಯ್ಲಿನಲ್ಲಿ ಇನ್ನೊಂದು ರೂಢಿ ಇದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಕೆಲಸಗಾರರು ಸಾಲಾಗಿ ವಾಸಿಸುವ ಎಲ್ಲ ಲೈನ್ ಮನೆಗಳಲ್ಲೂ ಗೊತ್ತು. ಸಾಲಿನಲ್ಲಿ ಪಕ್ಕದವಳಿಗೆ ಮೈ ಸರಿಯಿಲ್ಲ, ಕೈ ಓಡುತ್ತಿಲ್ಲ ಎಂದಾದರೆ, ಉಳಿದವರು ತಮ್ಮ ಚೀಲದಿಂದ ನಾಲ್ಕು ಹಿಡಿ ಹಣ್ಣು ಅವಳ ಚೀಲಕ್ಕೆ ಹಾಕುತ್ತಾರೆ. ಸಂಜೆ ತೂಕದ ಹೊತ್ತಿಗೆ ಅವಳದ್ದೂ ಎಲ್ಲರಷ್ಟೇ ಆಗಿರುತ್ತದೆ. ಮೇಸ್ತ್ರಿಗಳು ಕಂಡರೆ ಗದರುತ್ತಾರೆ. ಯಮುನಕ್ಕ ಗದರುತ್ತಿರಲಿಲ್ಲ, ಆದರೆ ತೂಕ ಮುಗಿದ ಮೇಲೆ ಪೆನ್ನಿಗೆ ಮುಚ್ಚಳ ಹಾಕುತ್ತ, ಇವತ್ತು ಯಾರ ಚೀಲಕ್ಕೆ ಹಾಕಿದ್ರಿ ಎಂದು ಕೇಳುತ್ತಿದ್ದರಂತೆ. ಅದನ್ನು ಮೊದಲು ಕೇಳಿದಾಗ ನಾನು, ಎಂಥ ಪತ್ತೇದಾರಿ ಹೆಂಗಸಪ್ಪ ಎಂದುಕೊಂಡಿದ್ದೆ. ಮಾಡುವ ಪುಣ್ಯವನ್ನೂ ಲೆಕ್ಕ ಕೇಳಬೇಕೇ?

ಇಂಥವರಿಗೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ ಎಂದರೆ, ಕಾಲೇಜಿನ ದಿನಗಳಲ್ಲಿ ಆಡುತ್ತಿದ್ದರು. ಮದುವೆಯಾದ ಮೇಲೆ ಬಾಲು ಮುಟ್ಟಿರಲಿಲ್ಲ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಭಾನುವಾರ ಸಂತೆಗೆ ಬಂದವರು, ಕಾಲೇಜಿನ ಕೋರ್ಟ್ ಖಾಲಿ ಬಿದ್ದಿರುವುದನ್ನು ಕಂಡು ತರಕಾರಿ ಚೀಲವನ್ನು ಗೆರೆಯ ಹೊರಗಿಟ್ಟು ಒಳಗೆ ಹೋದರಂತೆ. ಮುಂದಿನ ಭಾನುವಾರಕ್ಕೆ ಆರು ಹೆಂಗಸರು. ಒಂದು ವರ್ಷದಲ್ಲಿ ಇಪ್ಪತ್ತನಾಲ್ಕು, ನಾಲ್ಕು ಟೀಮು. ಹಾಕಿ ಎಂದರೆ ಪ್ರಾಣ ಬಿಡುವ ಈ ಜಿಲ್ಲೆಯಲ್ಲಿ, ಮೂವತ್ತು ದಾಟಿದ ಹೆಂಗಸರು ಚೂಡಿದಾರದ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬುಟ್ಟಿಗೆ ಬಾಲು ಎಸೆಯುವುದನ್ನು ನೋಡಿ ರಸ್ತೆಯಲ್ಲಿ ಹೋಗುವ ಜೀಪಿನವರು ನಗುತ್ತಿದ್ದರು. ನಾನೂ ನಗಲೆಂದೇ ಹೋಗಿದ್ದೆ. ಯಮುನಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಯಿ ಚೆನ್ನಾಗಿ ಓಡುತ್ತೆ, ಕಾಲು ಓಡುತ್ತಾ ಎಂದರು. ಆ ಸಿಟ್ಟಿಗೆ ಸೇರಿದವಳು ಈಗ ಒಂದು ಟೀಮಿನ ಕ್ಯಾಪ್ಟನ್.

ನನ್ನ ಟೀಮಿಗೆ ಬಂದವಳು ಬೆಳ್ಳಿ. ನಮ್ಮ ಮನೆಯಿಂದ ಒಂದು ಕಿಲೋಮೀಟರ್ ದೂರದ ಎಸ್ಟೇಟಿನ ಲೈನ್ ಮನೆಯಲ್ಲಿ ಗಂಡ ಕಾಳನ ಜೊತೆ ಇದ್ದಳು. ನಲವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ. ಚಿಕ್ಕಂದಿನಲ್ಲಿ ಆಶ್ರಮ ಶಾಲೆಯಲ್ಲಿ ನಾಲ್ಕು ವರ್ಷ ಆಡಿದ್ದಳಂತೆ. ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋವನ್ನು ನಾವೆಲ್ಲ ತಲೆಯ ಮೇಲಿಂದ ಎಸೆದರೆ, ಅವಳು ಮೊಣಕಾಲು ಬಗ್ಗಿಸಿ ಎರಡೂ ಕೈಯಿಂದ ಕೆಳಗಿನಿಂದ ಎತ್ತಿ ಬಿಡುತ್ತಿದ್ದಳು, ಬಾವಿಯಿಂದ ಕೊಡ ಎತ್ತಿ ಕಟ್ಟೆಗಿಟ್ಟ ಹಾಗೆ. ಮೊದಲ ದಿನ ಎಲ್ಲರೂ ನಕ್ಕರು. ಮೂವತ್ತಕ್ಕೆ ಇಪ್ಪತ್ತನಾಲ್ಕು ಬಿದ್ದವು. ಆಮೇಲೆ ಯಾರೂ ನಗಲಿಲ್ಲ.

ಕೊರೊನಾದ ಮೊದಲ ವರ್ಷ ಸರ್ಕಾರ ಹೇಳಿದಂತೆ ಲೀಗ್ ನಿಂತಿತು. ಮತ್ತೆ ಕೋರ್ಟಿಗೆ ಸೇರಿದ್ದು ಮರುವರ್ಷದ ಜನವರಿಯಲ್ಲಿ. ಅಶ್ವಿತಾ ಎಂಬ ಹುಡುಗಿ ಕುಂಕುಮವಿಲ್ಲದೆ ಬಂದಳು. ಅವಳ ಗಂಡ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದ. ನಾಲ್ಕು ತಿಂಗಳು. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಮುನಕ್ಕ ಆ ದಿನ ಸೀಟಿ ಊದಲಿಲ್ಲ, ಆಟವೂ ಆಡಿಸಲಿಲ್ಲ, ಅಶ್ವಿತಾಳ ಪಕ್ಕ ಮೆಟ್ಟಿಲ ಮೇಲೆ ಕೂತೇ ಇದ್ದರು.

ಏಪ್ರಿಲಿನಲ್ಲಿ ಎರಡನೇ ಅಲೆ ಬಂತು. ಮತ್ತೆ ಎಲ್ಲ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬುತ್ತಿದ್ದ ವಾರ ಯಮುನಕ್ಕ ಎಲ್ಲರಿಗೂ ಫೋನ್ ಮಾಡಿ, ಲೀಗ್ ನಿಲ್ಲಿಸುವುದಿಲ್ಲ ಎಂದರು. ನನ್ನ ತಲೆ ಕೆಟ್ಟಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ, ಟಿವಿ ಹಾಕಿದರೆ ಸಾಲು ಸಾಲು ಚಿತೆ. ಜನ ಸಾಯುತ್ತಿರುವಾಗ ನಿಮಗೆ ಬಾಲಾಟದ ಹುಚ್ಚೇ, ವಯಸ್ಸಾದ ಮೇಲೆ ಬುದ್ಧಿ ಬರಬೇಕು, ಇರುವುದೂ ಹೋಗಬಾರದು ಎಂದು ಬಾಯಿಗೆ ಬಂದಂತೆ ಅಂದೆ. ಪೂರ್ತಿ ಕೇಳಿಸಿಕೊಂಡರು.

"ಬೆಳಿಗ್ಗೆ ಹೆಸರು ಕೂಗದಿದ್ರೆ ಯಾರು ಬಂದಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಪವಿ?" ಎಂದರು. "ಅಶ್ವಿತಾನ್ನ ನಾವು ಕೂಗಲೇ ಇಲ್ಲ."

ವಾದದಲ್ಲಿ ಸೋಲುವ ಹಾಗಾದರೆ ನಾನು ಫೋನ್ ಇಟ್ಟುಬಿಡುತ್ತೇನೆ. ಇಟ್ಟೆ.

ಮುಂದಿನ ಎಂಟು ದಿನ ಆ ಹೆಂಗಸು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದರಿಂದ ನಂಬುತ್ತೇನೆ. ಗೇಟು ಬೆಸುಗೆ ಮಾಡುವ ಚಂದ್ರುವಿನ ಅಂಗಡಿಯಲ್ಲಿ ಕೂತು ಕಬ್ಬಿಣದ ಸರಳು ಬಾಗಿಸಿ ಇಪ್ಪತ್ತನಾಲ್ಕು ರಿಂಗ್ ಮಾಡಿಸಿದರು. ಲೀಗಿನಲ್ಲಿದ್ದದ್ದು ಒಂಬತ್ತೇ ಬಾಲು. ಮುಚ್ಚಿದ್ದ ಶಾಲೆಗಳ ಪಿ.ಟಿ. ಮಾಸ್ತರರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಸಹಿ ಹಾಕಿಕೊಟ್ಟು ಉಳಿದದ್ದನ್ನು ತಂದರು. ಸೋಪಿನ ನೀರಲ್ಲಿ ತೊಳೆದರು. ತರಕಾರಿ ಸಾಗಿಸಲು ಪಾಸ್ ಇದ್ದ ರಾಜುವಿನ ಜೀಪಿನಲ್ಲಿ ಹೂಕೋಸಿನ ಮೇಲೆ ಬಾಲು, ಬಾಲಿನ ಮೇಲೆ ರಿಂಗು ಇಟ್ಟು ಮನೆಮನೆಗೆ ಹೊರಟರು. ಕಾಳುಮೆಣಸು ಕುಯ್ಯುವ ಏಣಿಯನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿ ತಾವೇ ಹತ್ತಿ ಹತ್ತಡಿಗೆ ಸರಿಯಾಗಿ ರಿಂಗ್ ಹೊಡೆದರು. ಗಿಡ ನೆಡಲು ಗುಂಡಿ ಗುರುತಿಸುವ ಹಗ್ಗದಿಂದ ಹದಿನೈದಡಿ ಅಳೆದು ಗೆರೆ ಎಳೆದರು. ಒಬ್ಬರಿಗೂ ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಮನೆಗೆ ಬಂದಾಗ ನಾನು ಬಾಗಿಲು ತೆರೆಯದೆ ಕಿಟಕಿಯಿಂದ ನೋಡುತ್ತಿದ್ದೆ. ಐವತ್ತನಾಲ್ಕು ವರ್ಷದ ಹೆಂಗಸು ಬಾಯಲ್ಲಿ ಮೊಳೆ ಕಚ್ಚಿಕೊಂಡು ನಮ್ಮ ಮರದ ಮೇಲಿದ್ದರು. ಇಳಿದು, ಕಿಟಕಿಗೆ ಕೈ ಬೀಸಿ ಹೋದರು.

ನಿಯಮ ಹೀಗೆ. ತನ್ನ ಬಾಲು, ತನ್ನ ರಿಂಗ್, ಜೊತೆಗೆ ಯಾರೂ ಇರಕೂಡದು. ದಿನಕ್ಕೆ ಮೂವತ್ತು ಎಸೆತ. ಎಷ್ಟು ಬಿತ್ತು ಎಂದು ಐದು ಗಂಟೆಗೆ ಕ್ಯಾಪ್ಟನ್ನಿಗೆ ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕು, ಮೆಸೇಜ್ ನಡೆಯುವುದಿಲ್ಲ. ಕ್ಯಾಪ್ಟನ್ ಆರು ಜನರ ಲೆಕ್ಕವನ್ನೂ ಯಮುನಕ್ಕನಿಗೆ ಕಳಿಸಬೇಕು. ನೋಡುವವರು ಯಾರೂ ಇಲ್ಲ, ನಿಯತ್ತೇ ಅಂಪೈರ್. ಅವರು ಅದನ್ನು ಹಳೆಯ ಚೆಕ್‌ರೋಲ್ ಪುಸ್ತಕವೊಂದರಲ್ಲಿ ಏರಿಸುತ್ತಿದ್ದರು. ಕೆಳಗಡೆಗೆ ಹೆಸರು, ಅಡ್ಡಕ್ಕೆ ತಾರೀಕು, ಪ್ರತಿ ತಾರೀಕಿನ ಬುಡದಲ್ಲಿ ಅಂದಿನ ಮಳೆ.

ಮೊದಲ ವಾರ ನಾನು ಗೊಣಗುತ್ತಲೇ ಎಸೆದೆ. ಎರಡನೇ ವಾರ, ನಾಲ್ಕು ಗಂಟೆಯಾದರೆ ಕೈ ತುರಿಸತೊಡಗಿತು. ವಾರಕ್ಕೆ ಮೂರು ದಿನ ಕೆಲವು ಗಂಟೆ ಮಾತ್ರ ಅಂಗಡಿ ತೆರೆಯುತ್ತಿದ್ದ ಆ ದಿನಗಳಲ್ಲಿ, ಮನೆಯವರ ಹೊರತು ಬೇರೆ ಮನುಷ್ಯರ ದನಿ ಕೇಳಿಸುತ್ತಿದ್ದದ್ದು ಐದು ಗಂಟೆಗೇ. ಕರಿಕೆಯ ತವರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಲಿಖಿತಾಳ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ತೋಟದ ಮೇಲಿನ ಬಂಡೆ ಹತ್ತಿದರೆ ಸಿಗುತ್ತಿತ್ತು. ಒಂದು ಸಂಖ್ಯೆ ಹೇಳಲು ದಿನಾ ಆ ಬಂಡೆ ಹತ್ತುತ್ತಿದ್ದಳು. ಹನ್ನೊಂದು ಅಕ್ಕ, ಇಲ್ಲಿಂದ ಕೇರಳದ ಗುಡ್ಡ ಕಾಣ್ತಿದೆ ಎನ್ನುತ್ತಿದ್ದಳು ಏದುಸಿರಲ್ಲಿ. ಒಂದು ದಿನ ತಪ್ಪಿಸಲಿಲ್ಲ. ಯಾರಿಗೂ ಕಪ್ಪಿಲ್ಲ, ಚಪ್ಪಾಳೆಯಿಲ್ಲ. ಆದರೂ ಇಪ್ಪತ್ತನಾಲ್ಕು ಹೆಂಗಸರು, ಒಬ್ಬೊಬ್ಬರೇ ಒಂದೊಂದು ಮರದ ಮುಂದೆ ನಿಂತು ಒಂದೇ ಹೊತ್ತಿಗೆ ಎಸೆಯುತ್ತಿದ್ದರು. ಎಣಿಸಿಕೊಂಡರೆ ಈಗಲೂ ಅಬ್ಬಾ ಎನ್ನಿಸುತ್ತದೆ.

ನನ್ನ ಟೀಮು ಮೊದಲ ಸ್ಥಾನದಲ್ಲಿತ್ತು. ಬೆಳ್ಳಿಯಿಂದ, ಬೇರೆ ಯಾರಿಂದಲೂ ಅಲ್ಲ. ಅವಳ ಎಸ್ಟೇಟಿನಲ್ಲೂ ಕೆಲಸ ಅರೆಬರೆಯಾಗಿ, ಸರದಿಯ ಮೇಲೆ ನಡೆಯುತ್ತಿತ್ತು.

ಮೇ ತಿಂಗಳ ಮೂರನೇ ವಾರ, ಒಂದು ಸೋಮವಾರ, ಐದು ಗಂಟೆಗೆ ಬೆಳ್ಳಿ ಫೋನ್ ಮಾಡಿ ಇವತ್ತು ಎಸೆದಿಲ್ಲ ಎಂದಳು. ಮೊಣಕಾಲು ನೋವು ಎಂದಳು. ದನಿ ಬೇರೆಯಾಗಿತ್ತು. ನಾನು ಬಿಡದೆ ಕೇಳಿದ್ದಕ್ಕೆ, ಎರಡು ದಿನದಿಂದ ಮೈ ಸ್ವಲ್ಪ ಬಿಸಿ ಎಂದಳು. ಪರೀಕ್ಷೆ ಮಾಡಿಸು ಎಂದೆ. ಅವಳು ಅಳತೊಡಗಿದಳು. ಒಬ್ಬರಿಗೆ ಬಂದಿದೆ ಎಂದು ಗೊತ್ತಾದರೆ ಯಾರೂ ಹೊರಗೆ ಬಾರದ ಹಾಗೆ ಹದಿನೆಂಟು ಮನೆಯ ಲೈನಿನ ಸುತ್ತಲೂ ಪಟ್ಟಿ ಕಟ್ಟುತ್ತಾರೆ, ಎಲ್ಲರ ಕೆಲಸ ನಿಲ್ಲುತ್ತದೆ, ಬೆಳ್ಳಿಯಿಂದ ಹೀಗಾಯಿತು ಎಂದು ಸಾಯುವ ತನಕ ಆಡಿಕೊಳ್ಳುತ್ತಾರೆ ಎಂದಳು.

"ರೈಟರಮ್ಮಂಗೆ ಹೇಳ್ಬೇಡಿ ಅಕ್ಕ. ಎರಡು ದಿನ, ಸರಿಯಾಗ್ತದೆ."

ಎಸೆದಿಲ್ಲ ಎಂದು ಬರೆದರೆ ಯಮುನಕ್ಕ ಆ ಕ್ಷಣವೇ ಅವಳಿಗೆ ಫೋನ್ ಮಾಡುತ್ತಾರೆ, ನನಗೆ ಗೊತ್ತಿತ್ತು. ಇಪ್ಪತ್ತೆರಡು ಎಂದು ಬರೆದು ಕಳಿಸಿದೆ.

ಆ ಹೊತ್ತಿಗೆ ನನಗದು ಸುಳ್ಳು ಎನ್ನಿಸಲೇ ಇಲ್ಲ. ನಮ್ಮಮ್ಮ ಇಪ್ಪತ್ತು ವರ್ಷ ಕಾಫಿ ಕುಯ್ದವಳು, ಪಕ್ಕದವರ ಚೀಲಕ್ಕೆ ಹಿಡಿ ಹಾಕುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಬಿದ್ದವಳನ್ನು ಬಿದ್ದಳು ಎಂದು ಬರೆಸುವುದು ನಮ್ಮಲ್ಲಿ ಮನುಷ್ಯರು ಮಾಡುವ ಕೆಲಸವಲ್ಲ. ಹಾಗೆಂದು ಇವತ್ತೂ ವಾದಿಸಬಹುದು. ಆದರೆ ಟೀಮು ಮೊದಲ ಸ್ಥಾನದಿಂದ ಇಳಿಯಬಾರದು ಎಂಬ ಆಸೆಯೂ ಆ ಇಪ್ಪತ್ತೆರಡರಲ್ಲಿ ಇತ್ತು. ಒಂದು ಕಿಲೋಮೀಟರ್ ನಡೆದು ಹೋಗಿ ಅವಳ ಮುಖ ನೋಡುವ ಧೈರ್ಯ ನನಗಿಲ್ಲ ಎಂಬುದನ್ನು ಆ ಸಂಖ್ಯೆ ಮುಚ್ಚಿತ್ತು. ಮಂಗಳವಾರ ಇಪ್ಪತ್ತಮೂರು ಹಾಕಿದೆ. ಬುಧವಾರ ಇಪ್ಪತ್ತೆರಡು. ಗುರುವಾರ ಇಪ್ಪತ್ತಮೂರು. ಆ ದಿನ ಬೆಳ್ಳಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಹಾಕಿ ಅಕ್ಕ ಅಂತ. ಅದನ್ನೂ ಎರಡು ಉಸಿರಿನಲ್ಲಿ ಹೇಳಿದಳು.

ಐದೂಕಾಲಿಗೆ ಯಮುನಕ್ಕನ ಫೋನ್ ಬಂತು. ಮಾಮೂಲಿನಂತೆ ಅತ್ತೆಯ ಆರೋಗ್ಯ ವಿಚಾರಿಸಿದರು. ನನ್ನ ಎಸೆತ ಎಷ್ಟು ಎಂದು ಕೇಳಿದರು. ಒಂಬತ್ತು ಎಂದೆ.

"ಒಂಬತ್ತು ಯಾಕೆ?"

"ಎರಡು ಗಂಟೆಯಿಂದ ಮಳೆ ಅಲ್ವಾ ಅಕ್ಕ, ಬಾಲು ಕೈಯಲ್ಲಿ ನಿಲ್ಲಲ್ಲ."

"ಹೌದು. ಒಂದು ಇಂಚು ನಲವತ್ತು ಸೆಂಟ್. ಲಿಖಿತಾದು ಏಳು, ಅಶ್ವಿತಾದು ಆರು, ನಿಂದು ಒಂಬತ್ತು. ಇಪ್ಪತ್ತಮೂರು ಜನರದ್ದೂ ಇಳಿದಿದೆ." ಪುಟ ಮಗುಚಿದ ಸದ್ದು ಕೇಳಿಸಿತು. "ಬೆಳ್ಳಿ ಮನೆ ಮೇಲೆ ಮಾತ್ರ ಮಳೆ ಬಂದಿಲ್ವಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಪವಿ. ಎಷ್ಟು ದಿನದಿಂದ ಅವಳ ಚೀಲಕ್ಕೆ ಹಾಕ್ತಿದ್ದೀಯ?"

ನಾಲ್ಕು ಎಂದೆ. ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ತಿರುಗಿ ನಾಲ್ಕು ಮಾತು ಅನ್ನಲೂ ನನ್ನ ನಾಲಿಗೆ ತಯಾರಾಗಿತ್ತು, ಅಂಥ ಕೆಟ್ಟ ನಾಲಿಗೆ ಇದು. ಅವರು ಬೈಯಲಿಲ್ಲ. ಅವಳು ಮಾತಾಡುವಾಗ ಉಸಿರು ಎಲ್ಲೆಲ್ಲಿ ನಿಲ್ಲುತ್ತಿತ್ತು ಎಂದಷ್ಟೇ ಕೇಳಿದರು. ಹಾಕಿ ಎಂಬಲ್ಲಿ ನಿಂತಿತು, ಆಮೇಲೆ ಅಕ್ಕ ಎಂದಳು ಎಂದೆ. ನಾನು ರಾಜುವಿನ ಜೀಪಿನಲ್ಲಿ ಬರುತ್ತೇನೆ, ನೀನು ಲೈನಿನ ಗೇಟಿಗೆ ಬಾ ಎಂದರು. ಅತ್ತೆಗೆ ಹೇಳಿ, ಎರಡು ಮಾಸ್ಕ್ ಒಂದರ ಮೇಲೊಂದು ಕಟ್ಟಿಕೊಂಡು, ಕೆಸರಿನಲ್ಲಿ ಓಡಿದೆ. ನಾಲ್ಕು ದಿನದಿಂದ ನಡೆಯಲಾಗದಿದ್ದ ದಾರಿ ಹತ್ತು ನಿಮಿಷವೂ ಹಿಡಿಯಲಿಲ್ಲ.

ಜೀಪು ಬಂದ ಮೇಲೆ ಇಬ್ಬರೂ ಒಳಗೆ ಹೋದಾಗ ಬೆಳ್ಳಿ ಹೊಸ್ತಿಲಲ್ಲಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ನಮ್ಮನ್ನು ಕಂಡು ಏಳಲು ಹೋಗಿ ಮತ್ತೆ ಕೂತಳು. ಏನಿಲ್ಲ ರೈಟರಮ್ಮ, ಈಗ ವಾಸಿ ಎಂದು ನಕ್ಕಳು. ತುಟಿ ಮಾತ್ರ ನೇರಳೆ ಹಣ್ಣು ತಿಂದ ಹಾಗಿತ್ತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ ಯಮುನಕ್ಕನ ಸೆರಗಿನಲ್ಲಿತ್ತು. ಲೀಗಿನಲ್ಲಿ ಆಡುವ ನರ್ಸ್ ಅನುಪಮಾ ಕೊಟ್ಟಿಟ್ಟಿದ್ದಂತೆ. ಅದರಲ್ಲಿ ಎಪ್ಪತ್ತೊಂಬತ್ತು ಬಂತು. ತೊಂಬತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಟಿವಿಯಲ್ಲಿ ದಿನಾ ಹೇಳುತ್ತಿದ್ದರು. ಯಮುನಕ್ಕ ಬೆರಳು ಬದಲಿಸಿ ಮತ್ತೆ ಸಿಕ್ಕಿಸಿದರು. ಎಪ್ಪತ್ತೆಂಟು.

ಅಷ್ಟರಲ್ಲಿ ಲೈನಿನ ಬಾಗಿಲುಗಳೆಲ್ಲ ತೆರೆದಿದ್ದವು. ಯಾರೂ ಹತ್ತಿರ ಬರಲಿಲ್ಲ. ಕಾಳ ಗೋಡೆಗೆ ಆತು ನಿಂತು, ಎಲ್ಲ ಹೋಯ್ತು, ಇನ್ನು ಪಟ್ಟಿ ಕಟ್ತಾರೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಯಮುನಕ್ಕ ಬೆಳ್ಳಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಮುಟ್ಟಿದರು. ಆ ದಿನಗಳಲ್ಲಿ ಹೆತ್ತವರನ್ನು ಮುಟ್ಟಲು ಮಕ್ಕಳು ಹೆದರುತ್ತಿದ್ದರು. ಜೀಪಿನ ಹತ್ತಿರ ಬಂದು ಹಿಂದೆ ತಿರುಗಿ ಎಲ್ಲ ಬಾಗಿಲುಗಳಿಗೂ ಕೇಳುವ ಹಾಗೆ, ಹಾಜರಿ ಕೂಗುವ ದನಿಯಲ್ಲಿ ಹೇಳಿದರು.

"ಇವಳು ಮುಚ್ಚಿಟ್ಟದ್ದು ನಿಮ್ಮ ಕೆಲಸ ಹೋಗ್ಬಾರ್ದು ಅಂತ. ಪಟ್ಟಿ ಕಟ್ಟಲಿ. ಅದು ಬಿಚ್ಚುವ ತನಕ ಈ ಹದಿನೆಂಟು ಮನೆಯಲ್ಲಿ ಒಂದು ಒಲೆ ಆರಿದ್ರೂ ನನ್ನನ್ನು ಕೇಳಿ. ಇವಳನ್ನ ಯಾರೂ ಏನೂ ಅನ್ಬೇಡಿ."

ರಾಜು ಜೀಪನ್ನು ಹೇಗೆ ಓಡಿಸಿದ ಎಂದು ನನಗೆ ನೆನಪಿಲ್ಲ. ಅನುಪಮಾ ಮೊದಲೇ ಫೋನಿನಲ್ಲಿ ವಿಚಾರಿಸಿ, ಎಲ್ಲಿ ಹಾಸಿಗೆ ಇದೆ ಎಂದು ಹೇಳಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಬೆಳ್ಳಿಯನ್ನು ಒಳಗೆ ಕರೆದುಕೊಂಡು ಹೋದಾಗ ಇನ್ನೂ ಬೆಳಕಿತ್ತು. ಇನ್ನೊಂದು ದಿನ ತಡ ಆಗಿದ್ದರೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಒಳಗಿನಿಂದ ಬಂದ ಡಾಕ್ಟರ್ ಹೇಳಿ, ಉಳಿಯುತ್ತಾಳೆ ಎಂದು ಮಾತ್ರ ಹೇಳದೆ ಹೋದರು.

ನಾವಿಬ್ಬರೂ ಅಂಗಳದ ಕಟ್ಟೆಯ ಎರಡು ತುದಿಗಳಲ್ಲಿ ಕೂತೆವು. ನನಗೆ ಅಳು ಬಂತು. ಬೈದುಬಿಡಿ ಅಕ್ಕ ಎಂದೆ. ಆಗ ಅವರು ತಮ್ಮ ಕಥೆ ಹೇಳಿದರು. ರೈಟರ್ ಆಗಿ ಎರಡನೇ ವರ್ಷದ ಕುಯ್ಲು. ಲೈನಿನ ಒಬ್ಬ ಹೆಂಗಸಿಗೆ ಜ್ವರ. ಸಾಲಿನವರು ದಿನಾ ಅವಳ ಚೀಲಕ್ಕೆ ಹಿಡಿ ಹಾಕುತ್ತಿದ್ದರು, ಇವರಿಗೂ ಗೊತ್ತಿತ್ತು, ಒಳ್ಳೆಯ ಜನ ಎಂದು ಸಂತೋಷಪಟ್ಟಿದ್ದರು. ನಾಲ್ಕನೇ ದಿನ ಅವಳು ತೋಟಕ್ಕೇ ಬರಲಿಲ್ಲ. ಸಾಲಿನವರು ಅವಳ ಹೆಸರಿನಲ್ಲಿ ತುಂಬಿದ ಚೀಲ ತಂದಿಟ್ಟರು. ಇವರು ತೂಗಿ ಬರೆದರು.

"ಮಧ್ಯಾಹ್ನ ಸತ್ತವಳಿಗೆ ಸಂಜೆ ಪೂರ್ತಿ ಹಾಜರಿ ಹಾಕ್ದೆ ನಾನು," ಎಂದರು. "ಅವಳ ಹೆಸರು ಆ ಪುಸ್ತಕಲಿ ಈಗಲೂ ಉಟ್ಟು." ಇದೆ ಎಂಬುದು ಅವರ ಬಾಯಲ್ಲಿ ಉಟ್ಟು ಆಗಿತ್ತು, ಮಾತು ಕರಿಕೆಗೆ ವಾಪಸ್ ಹೋಗಿತ್ತು.

ಆಮೇಲೆ ಹಿಡಿ ಹಾಕುವುದನ್ನು ನಿಲ್ಲಿಸಬೇಕು ಎಂದು ಅವರಿಗೆ ಅನ್ನಿಸಲಿಲ್ಲವಂತೆ. ಅದನ್ನು ನಿಲ್ಲಿಸಿದರೆ ನಮ್ಮವರಲ್ಲಿ ಇನ್ನೇನು ಉಳಿಯುತ್ತದೆ ಎಂದರು. ಅದಕ್ಕೇ ದಿನಾ ಸಂಜೆ, ಯಾರ ಚೀಲಕ್ಕೆ ಹಾಕಿದ್ರಿ ಎಂದು ಕೇಳುತ್ತಿದ್ದದ್ದು. ಕೇಳಿ, ಪುಸ್ತಕ ಮುಚ್ಚಿ, ಆ ಮನೆಗೆ ಹೋಗಿ ನೋಡುತ್ತಿದ್ದರು. ಇಪ್ಪತ್ತೈದು ವರ್ಷ, ಪ್ರತಿ ಕುಯ್ಲಿನಲ್ಲಿ, ಪ್ರತಿ ಸಂಜೆ. ಪತ್ತೇದಾರಿ ಹೆಂಗಸು ಎಂದು ನಾನು ಆಡಿಕೊಂಡಿದ್ದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಮರುದಿನ ಲೈನಿಗೆ ಪಟ್ಟಿ ಕಟ್ಟಿದರು. ಪರೀಕ್ಷೆ ಮಾಡಿದಾಗ ಇನ್ನೂ ಏಳು ಜನರಿಗಿತ್ತು, ಎಲ್ಲರದ್ದೂ ಆರಂಭದಲ್ಲೇ ಸಿಕ್ಕಿತು, ಎಲ್ಲರೂ ಉಳಿದರು. ಯಮುನಕ್ಕ ಅದೇ ಚೆಕ್‌ರೋಲಿನಲ್ಲಿ ಹೊಸ ಪುಟ ತೆಗೆದು ನಮ್ಮ ಹೆಸರು ಬರೆದರು. ಇವತ್ತು ಅಕ್ಕಿ ಯಾರು, ನಾಳೆ ಮಾತ್ರೆ ಯಾರು, ನಾಡಿದ್ದು ಸೌದೆ ಯಾರು. ಹದಿನಾಲ್ಕು ದಿನ, ಪಟ್ಟಿಯ ಹೊರಗಿನ ಕಲ್ಲಿನ ಮೇಲೆ ಇಟ್ಟು ಕೂಗಿ ಬರುತ್ತಿದ್ದೆವು. ಕರಿಕೆಯಿಂದ ಬರಲಾಗದ ಲಿಖಿತಾ ದಿನಕ್ಕೆರಡು ಸಲ ಬಂಡೆ ಹತ್ತಿ, ಹದಿನೆಂಟು ಮನೆಗೂ ಫೋನ್ ಮಾಡಿ ಜ್ವರ ಎಷ್ಟು, ಉಸಿರು ಹೇಗೆ ಎಂದು ಕೇಳಿ ಯಮುನಕ್ಕನಿಗೆ ಬರೆಸುತ್ತಿದ್ದಳು. ಇದರ ನಡುವೆ ಮೂವತ್ತು ಎಸೆತ ಒಂದು ದಿನವೂ ನಿಲ್ಲಲಿಲ್ಲ. ಬೆಳ್ಳಿಯ ಮನೆಯಲ್ಲಿ ಒಲೆ ಆರಲಿಲ್ಲ. ಯಾರ ಮನೆಯಲ್ಲೂ ಆರಲಿಲ್ಲ.

ಬೆಳ್ಳಿ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದಳು. ಹನ್ನೊಂದನೆಯ ದಿನ ಅವಳು ಹೋದಳು ಎಂದೇ ಸುದ್ದಿ ಬಂದಿತ್ತು. ಹೋದದ್ದು ಪಕ್ಕದ ಹಾಸಿಗೆಯವರು ಎಂದು ಗೊತ್ತಾಗಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ನಾನು ಹೇಗೆ ಕಳೆದೆ ಎಂದು ಬರೆಯಲಾರೆ. ಚೆಕ್‌ರೋಲಿನಲ್ಲಿ ಅವಳ ಹೆಸರಿನ ಮುಂದೆ ಯಮುನಕ್ಕ ಗೈರುಹಾಜರಿ ಎಂದು ಒಂದು ದಿನವೂ ಬರೆಯಲಿಲ್ಲ, ಖಾಲಿ ಬಿಟ್ಟರು. ನಾನು ಹಾಕಿದ್ದ ನಾಲ್ಕು ಸಂಖ್ಯೆಗಳನ್ನು ಹೊಡೆದು ಹಾಕಿ ಎಂದು ಕೇಳಿಕೊಂಡೆ. ಇಲ್ಲೆ ಎಂದರು. ಅವು ಹಾಗೇ ಇರಲಿ, ನೀನು ಅವಳನ್ನು ಬಿಡಲಿಲ್ಲ ಎಂಬುದೂ ಅದರಲ್ಲಿದೆ, ನೋಡಲು ಹೋಗಲಿಲ್ಲ ಎಂಬುದೂ ಇದೆ ಎಂದರು. ಲೀಗಿನ ಲೆಕ್ಕದಲ್ಲಿ ಮಾತ್ರ ಸೇರಿಸಲಿಲ್ಲ. ನಮ್ಮ ಟೀಮು ಕೊನೆಯ ಸ್ಥಾನಕ್ಕೆ ಬಂತು.

ಯಮುನಕ್ಕ ಈಗಲೂ ಅದೇ ಎಸ್ಟೇಟಿನಲ್ಲಿದ್ದಾರೆ. ಭಾನುವಾರ ಕೋರ್ಟಿಗೆ ಬರುತ್ತಾರೆ, ಸೀಟಿ ಊದುತ್ತಾರೆ, ನನಗೆ ಕಾಲು ಎತ್ತು ಎಂದು ಬೈಯುತ್ತಾರೆ. ಅವರಿಗೆ ಸನ್ಮಾನ ಮಾಡಬೇಕೆಂದು ಯಾರೋ ಹೊರಟಾಗ, ಕುಯ್ಲಿನ ಟೈಮಲ್ಲಿ ಎಂತ ಸನ್ಮಾನ ಎಂದು ಕಳಿಸಿದರು. ಇವರು ಗೆರೆಯ ಹೊರಗೆ ಪೆನ್ನು ಹಿಡಿದು ನಿಂತಿರುವುದನ್ನು ನೋಡುವಾಗ, ಇಷ್ಟು ಸಣ್ಣ ಹೆಂಗಸಿನೊಳಗೆ ಇಷ್ಟು ಜನ ಹೇಗೆ ಹಿಡಿಸಿದ್ದಾರೆ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತದೆ.

ಬೆಳ್ಳಿ ಮನೆಗೆ ಬಂದದ್ದು ಜೂನ್ ಮಧ್ಯದಲ್ಲಿ. ಮತ್ತೆ ಬಾಲು ಹಿಡಿದದ್ದು ಜುಲೈನಲ್ಲಿ, ಜಡಿಮಳೆ ಒಂದು ಗಂಟೆ ಬಿಡುವು ಕೊಟ್ಟ ಒಂದು ಸಂಜೆ. ಐದಕ್ಕೆ ಬರಬೇಕಾದ ಫೋನ್ ಬರಲಿಲ್ಲ. ಐದೂವರೆಯಾಯಿತು. ಈ ಸಲ ನಾನು ಕಾಯಲಿಲ್ಲ, ಚಪ್ಪಲಿ ಮೆಟ್ಟಿ ಗೇಟು ದಾಟಿದ್ದೆ. ದಾರಿಯಲ್ಲಿ ಫೋನ್ ಬಡಿದುಕೊಂಡಿತು. ಮೂವತ್ತೂ ಎಸೆದೆ ಅಕ್ಕ, ನಡುನಡುವೆ ಕೂತು ಕೂತು ಎಸೆದೆ, ಅದಕ್ಕೇ ತಡ ಎಂದಳು. ಎಷ್ಟು ಬಿತ್ತು ಎಂದು ಕೇಳಿದೆ. ಅವಳು ನಕ್ಕಳು. ನಗುವಿನ ನಡುವೆ ಉಸಿರು ಎಲ್ಲೂ ನಿಲ್ಲಲಿಲ್ಲ, ನಾನು ಕಿವಿಗೊಟ್ಟು ಕೇಳಿದೆ.

"ನಾಲ್ಕೇ ಅಕ್ಕ. ನೀವೇನೂ ಹಾಕ್ಬೇಡಿ."

ಆ ದಿನದ ಮಳೆ ಎರಡು ಇಂಚು ಹತ್ತು ಸೆಂಟ್. ರಸ್ತೆಯಲ್ಲೇ ನಿಂತು, ಕಣ್ಣು ಒರೆಸಿಕೊಂಡು, ಬೆಳ್ಳಿ ನಾಲ್ಕು ಎಂದು ಬರೆದು ಯಮುನಕ್ಕನಿಗೆ ಕಳಿಸಿದೆ. ಆಮೇಲೆ ಹಿಂದಿರುಗದೆ ಅವಳ ಮನೆಗೆ ಹೋಗಿ ನೋಡಿಕೊಂಡು ಬಂದೆ.